ಬೆಣ್ಣೆ ದೋಸೆಯ ಊರಲ್ಲಿ ಬೊಜ್ಜಿನ ಲೆಕ್ಕ

ದಾವಣಗೆರೆಯಲ್ಲಿ ಬೆಳಗಿನ ಆರು ಗಂಟೆಗೆ ಎರಡು ಪಂಗಡಗಳು ಎದ್ದು ಹೊರಡುತ್ತವೆ. ಒಂದು ಪಂಗಡ ಕುಂದವಾಡ ಕೆರೆ ಏರಿಯ ಮೇಲೆ, ಜಿಲ್ಲಾ ಕ್ರೀಡಾಂಗಣದ ಸುತ್ತ, ಹೈಸ್ಕೂಲ್ ಮೈದಾನದ ಅಂಚಿನಲ್ಲಿ ಕೈ ಬೀಸಿಕೊಂಡು ನಡೆಯುತ್ತದೆ. ತಲೆಗೆ ಮಫ್ಲರ್, ಕಾಲಿಗೆ ಮಗ ಬೆಂಗಳೂರಿನಿಂದ ತಂದುಕೊಟ್ಟ ಶೂ, ಬಾಯಲ್ಲಿ ಮೆಕ್ಕೆಜೋಳದ ರೇಟು, ಭದ್ರಾ ಡ್ಯಾಮಿನ ನೀರಿನ ಮಟ್ಟ. ಇನ್ನೊಂದು ಪಂಗಡದವರು ವಯಸ್ಸಿನಲ್ಲಿ ಕಿರಿಯರು. ವಿದ್ಯಾನಗರ, ಎಂ.ಸಿ.ಸಿ. ಬ್ಲಾಕಿನ ಕಡೆ ಅಂಗಡಿಗಳ ಮೇಲಿನ ಮಹಡಿಗಳಲ್ಲಿ ಕನ್ನಡಿ ಮುಂದೆ ನಿಂತು ಕಬ್ಬಿಣ ಎತ್ತುತ್ತಾರೆ.

ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಕೆರೆ ಸುತ್ತುವ ಯಜಮಾನರ ಪ್ರಕಾರ, ‘ಕಬ್ಬಿಣ ಎತ್ತಿದ್ರೆ ತೋಳು ದಪ್ಪ ಆಗ್ತಾವೆ, ಹೊಟ್ಟೆ ಕರಗಲ್ಲ, ಬಿಟ್ಟ ದಿನವೇ ಅದೆಲ್ಲ ಬೊಜ್ಜಾಗ್ತತಿ.’ ಜಿಮ್ಮಿನ ಹುಡುಗರು ಹೇಳುವುದೇ ಬೇರೆ. ‘ಆ ಅಂಕಲ್‌ಗಳು ಎಷ್ಟು ವರ್ಷದಿಂದ ಸುತ್ತಾಕತ್ತಾರೆ ನೋಡ್ರಿ, ಹೊಟ್ಟೆ ಎಲ್ಲಿತ್ತೋ ಅಲ್ಲೇ ಐತಿ.’ ಎರಡು ಮಾತಿನಲ್ಲೂ ಅರ್ಧರ್ಧ ನಿಜ ಇರುವುದರಿಂದಲೇ ಈ ಜಗಳ ಮುಗಿಯುವುದಿಲ್ಲ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಊಟ ಹೇಗಿದೆಯೋ ಹಾಗೇ ಇದ್ದು, ಬರೀ ಕೊಬ್ಬು ಎಷ್ಟು ಕರಗಿತು ಎಂದು ಗಂಟೆಗೆ ಗಂಟೆ ತೂಗಿದರೆ ನಡೆಯುವವರು, ಓಡುವವರು, ಸೈಕಲ್ ತುಳಿಯುವವರದೇ ಮೇಲುಗೈ. ಆದರೆ ಊಟ ಕಡಿಮೆ ಮಾಡಿ ತೂಕ ಇಳಿಸಲು ಹೊರಟವರಿಗೆ, ಅದರಲ್ಲೂ ನಲವತ್ತು ದಾಟಿದವರಿಗೆ, ಭಾರ ಎತ್ತದೆ ಗತಿಯಿಲ್ಲ. ಯಾಕೆ ಅನ್ನುವುದಕ್ಕೆ ಊರಿನ ದೋಸೆಯಿಂದಲೇ ಲೆಕ್ಕ ಶುರುಮಾಡಬಹುದು.

ಎಪ್ಪತ್ತೈದು ಕೆಜಿ ತೂಕದ ಮನುಷ್ಯ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೆ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್ ಆಗುತ್ತದೆ. ಅಷ್ಟು ಹೊತ್ತು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರೂ ಒಂದಿಷ್ಟು ಕ್ಯಾಲೊರಿ ಖರ್ಚಾಗುತ್ತಿತ್ತಲ್ಲ, ಅದನ್ನು ಕಳೆಯಿರಿ. ನಡೆದದ್ದಕ್ಕೆಂದು ಹೆಚ್ಚುವರಿಯಾಗಿ ಉರಿದದ್ದು 150ರಿಂದ 180 ಕ್ಯಾಲೊರಿ. ಈಗ ದೋಸೆಗೆ ಬನ್ನಿ. ನೂರು ಗ್ರಾಂ ಬೆಣ್ಣೆಯಲ್ಲಿ 720 ಕ್ಯಾಲೊರಿಯ ಆಸುಪಾಸು ಇರುತ್ತದೆ. ಸೌದೆ ಒಲೆಯ ಕಾವಲಿಯ ಮೇಲೆ ದೋಸೆಗೆ ಬೀಳುವುದು, ತಟ್ಟೆಗೆ ಬಂದ ಮೇಲೆ ನೆತ್ತಿಗೆ ಕೂರುವುದು, ಎಲ್ಲ ಸೇರಿ ಇಪ್ಪತ್ತು, ಇಪ್ಪತ್ತೈದು ಗ್ರಾಂ ಬೆಣ್ಣೆ ಒಂದು ದೋಸೆಗೆ ಹೆಚ್ಚೇನಲ್ಲ. ಅಂದರೆ ಬೆಳಗಿನ ಇಡೀ ವಾಕಿಂಗ್ ಒಂದು ದೋಸೆಯ ಬೆಣ್ಣೆಗೆ ಸಮ. ಹಿಟ್ಟು, ಪಲ್ಯ, ಕಾಯಿ ಚಟ್ನಿ, ಎರಡನೇ ದೋಸೆ ಇವೆಲ್ಲ ಆ ಲೆಕ್ಕದ ಹೊರಗೆ. ನಮ್ಮಲ್ಲಿ ಒಂದೇ ದೋಸೆಗೆ ಏಳುವವರು ಎಷ್ಟು ಮಂದಿ?

ಮೈಯಲ್ಲಿರುವ ಒಂದು ಕೆಜಿ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ ಎಂಬುದು ವೈದ್ಯರು ಬಳಸುವ ಅಂದಾಜು. ದಿನವೂ ತಪ್ಪದೆ ನಡೆದು, ತಿನ್ನುವುದರಲ್ಲಿ ಒಂದು ತುತ್ತೂ ಹೆಚ್ಚಾಗದಿದ್ದರೆ ಒಂದು ಕೆಜಿ ಕರಗಲು ಒಂದೂವರೆ ತಿಂಗಳು ಬೇಕು. ಅದೇ ನಾಲ್ಕು ಕಿಲೋಮೀಟರನ್ನು ಓಡಿದರೆ ಖರ್ಚು ಒಂದೂವರೆ ಪಟ್ಟಿಗೂ ಹೆಚ್ಚು. ಇನ್ನು ಜಿಮ್ಮಿನ ಮುಕ್ಕಾಲು ಗಂಟೆ. ಅದರಲ್ಲಿ ನಿಜವಾಗಿ ಭಾರ ಎತ್ತುವುದು ಹತ್ತು ಹದಿನೈದು ನಿಮಿಷ; ಉಳಿದದ್ದು ಸೆಟ್ಟುಗಳ ನಡುವಿನ ದಣಿವಾರಿಕೆ, ನೀರು, ಮೊಬೈಲು, ಕನ್ನಡಿ. ಹೆಚ್ಚುವರಿ ಖರ್ಚು ನೂರರಿಂದ ನೂರೈವತ್ತು ಕ್ಯಾಲೊರಿ ದಾಟಿದರೆ ಪುಣ್ಯ.

ಇದು ಬಾಯಿಲೆಕ್ಕವಷ್ಟೇ ಅಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು ಇದನ್ನು ಎಂಟು ತಿಂಗಳು ಜನರ ಮೇಲೆ ಪರೀಕ್ಷಿಸಿ 2012ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೈಭಾರ ಹೆಚ್ಚಿದ್ದ 119 ಮಂದಿಯ ಮೂರು ಗುಂಪು. ಒಂದು ಗುಂಪು ವಾರಕ್ಕೆ ಹನ್ನೆರಡು ಮೈಲಿಯಷ್ಟು ಕಾರ್ಡಿಯೋ (ನಡಿಗೆ, ಓಟದಂಥ ಏದುಸಿರಿನ ವ್ಯಾಯಾಮ) ಮಾಡಿತು, ಒಂದು ಗುಂಪು ವಾರಕ್ಕೆ ಮೂರು ದಿನ ಭಾರ ಎತ್ತಿತು, ಇನ್ನೊಂದು ಎರಡನ್ನೂ ಮಾಡಿತು. ಕಾರ್ಡಿಯೋದವರ ಕೊಬ್ಬು ಸರಾಸರಿ 1.66 ಕೆಜಿ ಇಳಿಯಿತು. ಭಾರ ಎತ್ತಿದವರದು ಇಳಿದದ್ದು ಕಾಲು ಕೆಜಿ; ಬದಲಿಗೆ ಒಂದು ಕೆಜಿಗೂ ಸ್ವಲ್ಪ ಹೆಚ್ಚು ಮಾಂಸಖಂಡ ಬೆಳೆದು, ತಕ್ಕಡಿಯ ಮೇಲೆ ನಿಂತರೆ ತೂಕ ಮೊದಲಿಗಿಂತ ಜಾಸ್ತಿಯೇ ತೋರಿಸಿತು. ಎರಡೂ ಮಾಡಿದವರ ಕೊಬ್ಬು 2.44 ಕೆಜಿ ಕರಗಿತು, ಮಾಂಸಖಂಡವೂ ಬೆಳೆಯಿತು. ಆದರೆ ಅವರು ಹೆಚ್ಚುಕಡಿಮೆ ಎರಡರಷ್ಟು ಹೊತ್ತು ದುಡಿದಿದ್ದರು ಎಂಬುದನ್ನು ಮರೆಯಬಾರದು. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂರುವ ಕೊಬ್ಬು, ಈಲಿಯಲ್ಲಿ ಸೇರುವ ಕೊಬ್ಬು ಇವೆರಡನ್ನೂ ಇಳಿಸುವುದರಲ್ಲಿ ಅದೇ ಪ್ರಯೋಗದಲ್ಲಿ ಕಾರ್ಡಿಯೋದ್ದೇ ಗೆಲುವು. ಸಕ್ಕರೆ ಕಾಯಿಲೆಗೆ, ಹೃದಯಕ್ಕೆ ದಾರಿ ಮಾಡುವುದು ಮುಖ್ಯವಾಗಿ ಈ ಒಳಗೊಬ್ಬೇ.

ಇಷ್ಟು ಕೇಳಿದ ಮೇಲೆ ಜಿಮ್ಮಿನವರು ತೆಗೆಯುವ ಅಸ್ತ್ರ ಒಂದಿದೆ. ‘ಸರ್, ಮಸಲ್ ಬೆಳೆದ್ರೆ ನೀವು ಮಲಗಿದ್ದಾಗಲೂ ಕೊಬ್ಬು ಉರೀತಿರುತ್ತೆ.’ ಉರಿಯುತ್ತದೆ, ಸುಳ್ಳಲ್ಲ. ಎಷ್ಟು ಅನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಸುಮ್ಮನಿರುವ ಒಂದು ಕೆಜಿ ಮಾಂಸಖಂಡ ದಿನಕ್ಕೆ ಉರಿಸುವುದು ಸುಮಾರು 13 ಕ್ಯಾಲೊರಿ. ಒಂದು ಕೆಜಿ ಕೊಬ್ಬೂ ನಾಲ್ಕೂವರೆ ಕ್ಯಾಲೊರಿ ಉರಿಸುತ್ತದೆ. ವರ್ಷವಿಡೀ ಬೆವರು ಸುರಿಸಿ ಎರಡು ಕೆಜಿ ಮಾಂಸಖಂಡ ಬೆಳೆಸಿದರೆ ದಿನಕ್ಕೆ ಸಿಗುವ ರಿಯಾಯಿತಿ 26 ಕ್ಯಾಲೊರಿ, ಅಂದರೆ ಒಂದು ಹಿಡಿ ಮಂಡಕ್ಕಿ. ಜೊತೆಗಿರುವ ಮಿರ್ಚಿಗೆ ಅದು ಸಾಲದು. ವ್ಯಾಯಾಮ ಮುಗಿದ ಮೇಲೂ ಗಂಟೆಗಟ್ಟಲೆ ಮೈ ಉರಿಯುತ್ತಿರುತ್ತದೆ ಎಂಬ ಮಾತೂ ಇದೇ ಜಾತಿಯದು; ಇದೆ, ಆದರೆ ಪುಡಿಗಾಸು.

ಹಾಗಂತ ಕೆರೆ ಸುತ್ತುವವರು ಮೀಸೆ ತಿರುವಬೇಕಾಗಿಲ್ಲ. ಮುಟ್ಟು ನಿಂತ, ಮೈತೂಕ ಹೆಚ್ಚಿದ್ದ 464 ಹೆಂಗಸರ ಮೇಲೆ ಅಮೆರಿಕದಲ್ಲಿ ನಡೆದ ಆರು ತಿಂಗಳ ಅಧ್ಯಯನವೊಂದು 2009ರಲ್ಲಿ ಹೊರಬಂತು. ವಾರಕ್ಕೆ 72 ನಿಮಿಷ ಕಾರ್ಡಿಯೋ ಮಾಡಿದವರ ತೂಕ 1.4 ಕೆಜಿ ಇಳಿಯಿತು. 136 ನಿಮಿಷ ಮಾಡಿದವರದು 2.1 ಕೆಜಿ. 194 ನಿಮಿಷ ಮಾಡಿದವರದು? 1.5 ಕೆಜಿ! ಹೆಚ್ಚು ದಣಿದವರು ಕಡಿಮೆ ಇಳಿದರು. ದೇಹ ತನ್ನ ಖರ್ಚನ್ನು ಸರಿದೂಗಿಸಿಕೊಳ್ಳುವುದು ಹೀಗೆ: ಹಸಿವು ಹೆಚ್ಚುತ್ತದೆ, ಉಳಿದ ಹೊತ್ತು ಕೂರುವುದು ಹೆಚ್ಚುತ್ತದೆ, ‘ಇವತ್ತು ಐದು ರೌಂಡ್ ಹಾಕೀನಿ’ ಎಂಬ ಧೈರ್ಯದಲ್ಲಿ ಕೈ ಧಾರಾಳವಾಗುತ್ತದೆ. ವಾಕಿಂಗ್ ಮುಗಿಸಿದ ಗುಂಪು ನೇರ ಹೋಟೆಲಿಗೆ ನುಗ್ಗಿ, ಇಡ್ಲಿ-ವಡೆಗೆ ಒಬ್ಬರು ಬಿಲ್ಲು ಕೊಡುವ ಪದ್ಧತಿ ನಮ್ಮೂರಲ್ಲಿ ಇರುವುದು ಗೊತ್ತೇ ಇದೆ. ಸ್ನೇಹಕ್ಕೆ ಅದು ಒಳ್ಳೆಯದು.

ಇನ್ನು ಬೆವರಿನ ಮಾತು. ರಿಂಗ್ ರೋಡಿನಲ್ಲಿ ಬೇಸಿಗೆಯಲ್ಲೂ ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುವ ಹುಡುಗರನ್ನು ನೋಡಿ ಮರುಕ ಹುಟ್ಟುತ್ತದೆ. ಕುಸ್ತಿ ಪಟುಗಳು ತೂಕದ ವರ್ಗಕ್ಕೆ ಹೊಂದಲು ಹಿಂದಿನ ದಿನ ಹೀಗೆ ನೀರು ಬಸಿದುಕೊಳ್ಳುವುದುಂಟು. ತೂಕ ಕೊಟ್ಟು ಬಂದು ಎರಡು ಚೊಂಬು ನೀರು ಕುಡಿದರೆ ಅದು ವಾಪಸ್. ಕೊಬ್ಬು ಬೆವರಿನ ದಾರಿ ಹಿಡಿಯುವುದೇ ಕಡಿಮೆ. ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಲೆಕ್ಕ ಹಾಕಿ ತೋರಿಸಿದಂತೆ, ಹತ್ತು ಕೆಜಿ ಕೊಬ್ಬು ಕರಗಿದರೆ ಅದರಲ್ಲಿ 8.4 ಕೆಜಿ ಇಂಗಾಲದ ಡೈಆಕ್ಸೈಡ್ ಆಗಿ ಮೂಗಿನಿಂದ, ಬಾಯಿಂದ ಹೊರಗೆ ಹೋಗುತ್ತದೆ. ನೀರಾಗಿ ಹೋಗುವುದು 1.6 ಕೆಜಿ ಮಾತ್ರ.

ಹಾಗಾದರೆ ಕಬ್ಬಿಣ ಯಾಕೆ ಬೇಕು? ಇಲ್ಲಿಂದ ಮುಂದೆ ಲೆಕ್ಕ ತಿರುಗುತ್ತದೆ.

ಮೇಲಿನ ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಎಂಟು ತಿಂಗಳಿಗೆ ಒಂದೂವರೆ, ಎರಡೂವರೆ ಕೆಜಿ. ವ್ಯಾಯಾಮ ಯಾವುದೇ ಇರಲಿ, ಬರೀ ಅದರಿಂದಲೇ ಬೊಜ್ಜು ಇಳಿಯುವುದು ಅಷ್ಟೇ. ಹತ್ತು, ಹನ್ನೆರಡು ಕೆಜಿ ಇಳಿಸಬೇಕಾದವರು ತಟ್ಟೆಗೆ ಕೈ ಹಾಕಲೇಬೇಕು. ಅನ್ನ ಕಡಿಮೆ, ಎಣ್ಣೆ ಕಡಿಮೆ, ಸಂಜೆಯ ಮಿರ್ಚಿ ವಾರಕ್ಕೊಮ್ಮೆ. ಹಾಗೆ ತಟ್ಟೆ ಚಿಕ್ಕದಾದಾಗ ದೇಹ ಕೊಬ್ಬನ್ನು ಮಾತ್ರ ಕರಗಿಸುವುದಿಲ್ಲ, ಮಾಂಸಖಂಡವನ್ನೂ ಕರಗಿಸುತ್ತದೆ. ಬರಗಾಲ ಬಂದಾಗ ರೈತ ಮೊದಲು ಸಂತೆಗೆ ಹೊಡೆಯುವುದು ಕೊಟ್ಟಿಗೆಯಲ್ಲಿ ಕೆಲಸವಿಲ್ಲದೆ ಮೇವು ತಿನ್ನುವ ಎತ್ತನ್ನು. ದಿನಾ ನೊಗ ಹೊರುವುದನ್ನು ಕೊನೆಯವರೆಗೂ ಉಳಿಸಿಕೊಳ್ಳುತ್ತಾನೆ. ದೇಹದ ಬುದ್ಧಿಯೂ ಅಂಥದ್ದೇ. ವಾರಕ್ಕೆ ಎರಡು ಮೂರು ದಿನ ಭಾರ ಹೊರುವ ಮಾಂಸಖಂಡವನ್ನು ಅದು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ.

ಇದಕ್ಕೂ ಒಳ್ಳೆಯ ಸಾಕ್ಷ್ಯವಿದೆ. ಅರವತ್ತೈದು ದಾಟಿದ, ಬೊಜ್ಜಿದ್ದ 160 ಮಂದಿಯ ಮೇಲೆ ನಡೆದ ಪ್ರಯೋಗದ ವರದಿ 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಬಂತು. ಕಾರ್ಡಿಯೋ, ಭಾರ, ಎರಡೂ ಎಂಬ ವ್ಯಾಯಾಮದ ಮೂರು ಗುಂಪುಗಳಿಗೂ ಪಥ್ಯ. ಆರು ತಿಂಗಳಲ್ಲಿ ಎಲ್ಲರ ತೂಕವೂ ಹೆಚ್ಚುಕಡಿಮೆ ಶೇ 9ರಷ್ಟು ಇಳಿಯಿತು. ತಕ್ಕಡಿಯನ್ನಷ್ಟೇ ಕೇಳಿದರೆ ಮೂರು ಗುಂಪಿಗೂ ವ್ಯತ್ಯಾಸವಿಲ್ಲ. ಒಳಗೆ ನೋಡಿದಾಗ ಕಂಡದ್ದು ಬೇರೆ. ಕಾರ್ಡಿಯೋ ಮಾತ್ರ ಮಾಡಿದವರ ಕೊಬ್ಬಲ್ಲದ ದೇಹಭಾಗ ಶೇ 5ರಷ್ಟು ಕರಗಿತ್ತು. ಭಾರ ಎತ್ತಿದವರದು ಶೇ 2, ಎರಡೂ ಮಾಡಿದವರದು ಶೇ 3. ಸೊಂಟದ ಮೂಳೆಯ ಸಾಂದ್ರತೆ ಕಾರ್ಡಿಯೋದವರಲ್ಲಿ ಶೇ 3ರಷ್ಟು ಕುಗ್ಗಿದರೆ, ಭಾರ ಎತ್ತಿದವರಲ್ಲಿ ಅರ್ಧ ಪರ್ಸೆಂಟ್. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಮುಂತಾದ ದಿನನಿತ್ಯದ ಕೆಲಸಗಳ ಪರೀಕ್ಷೆಯಲ್ಲಿ ಎರಡೂ ಮಾಡಿದವರು ಎಲ್ಲರನ್ನೂ ಹಿಂದೆ ಹಾಕಿದ್ದರು.

‘ಸಕ್ಕರೆ ಬಂತು ಅಂತ ಅನ್ನ ಬಿಟ್ರು, ದಿನಾ ಎರಡು ಹೊತ್ತು ನಡೆದ್ರು, ಹದಿನೈದು ಕೆಜಿ ಇಳಿದ್ರು, ಈಗ ನೋಡಿದ್ರೆ ಮುಖ ಬತ್ತಿ, ಕೆನ್ನೆ ಒಳಗೆ ಹೋಗಿ ಕಾಯಿಲೆ ಬಿದ್ದವರ ಹಾಗೆ ಕಾಣ್ತಾರೆ’ ಎಂದು ಬಂಧುಗಳು ಅಲವತ್ತುಕೊಳ್ಳುವುದನ್ನು ಕೇಳಿರುತ್ತೀರಿ. ಇಳಿದದ್ದರಲ್ಲಿ ಮಾಂಸಖಂಡದ ಪಾಲೂ ಇತ್ತು ಎಂಬುದು ಅದರ ಅರ್ಥ. ಡಾಕ್ಟರು ಚೀಟಿಯ ಕೊನೆಗೆ ‘ವಾಕಿಂಗ್ ಮಾಡಿ’ ಎಂದಷ್ಟೇ ಬರೆದಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಬಿರುಸಿನ ನಡಿಗೆಯಂಥ ವ್ಯಾಯಾಮದ ಜೊತೆಗೆ, ಕನಿಷ್ಠ ಎರಡು ದಿನ ಮಾಂಸಖಂಡ ಬಲಪಡಿಸುವ ಕೆಲಸ ಇರಲೇಬೇಕು ಎನ್ನುತ್ತದೆ. ಆ ಎರಡನೇ ಸಾಲು ನಮ್ಮ ಊರುಗಳ ಚೀಟಿಗಳಿಗೆ ಇನ್ನೂ ಇಳಿದು ಬಂದಿಲ್ಲ.

ನಮ್ಮವರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುವುದಕ್ಕೆ ಕಾರಣವೊಂದಿದೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೊವನ್ನೇ ಅಕ್ಕಪಕ್ಕ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅದೇ ಎಲ್ಲರೂ ಹೇಳುವ ಬಿಎಂಐ, ಇಬ್ಬರದೂ 22.3. ನೋಡಲೂ ಇಬ್ಬರೂ ತೆಳ್ಳಗೇ. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ಶೇ 9.1, ಯಾಜ್ಞಿಕ್ ಮೈಯಲ್ಲಿ ಶೇ 21.2! ತೆಳ್ಳಗೆ ಕಂಡರೂ ಒಳಗೆ ಕೊಬ್ಬು, ಮಾಂಸಖಂಡ ಕಡಿಮೆ. ಭಾರತೀಯ ದೇಹದ ಈ ಲಕ್ಷಣ ಹುಟ್ಟಿನಿಂದಲೇ ಶುರುವಾಗುತ್ತದೆ ಎಂದು ತೋರಿಸಿದ ಅಧ್ಯಯನಗಳಲ್ಲಿ ನಮ್ಮ ಮೈಸೂರಿನದೂ ಒಂದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಹಳಬರ ಬಾಯಲ್ಲಿ ಮಿಷನ್ ಆಸ್ಪತ್ರೆ, 1930ರ ದಶಕದಿಂದ ಶಿಶುಗಳ ಹುಟ್ಟುತೂಕದ ದಾಖಲೆ ಜೋಪಾನವಾಗಿಟ್ಟಿತ್ತು. 1990ರ ದಶಕದಲ್ಲಿ ಅಲ್ಲೇ ಹುಟ್ಟಿದ ಮಕ್ಕಳನ್ನು ಅಳೆದು ಇಂಗ್ಲೆಂಡಿನ ಮಕ್ಕಳ ಜೊತೆ ಹೋಲಿಸಿದಾಗ, ಮೈಸೂರಿನ ಶಿಶುಗಳು ತೂಕದಲ್ಲಿ, ತೋಳಿನ ಸುತ್ತಳತೆಯಲ್ಲಿ ಸಣ್ಣವು. ಬೆನ್ನಿನ ಚರ್ಮದಡಿಯ ಕೊಬ್ಬಿನಲ್ಲಿ ಮಾತ್ರ ಹಿಂದೆ ಬಿದ್ದಿರಲಿಲ್ಲ.

ಅದಕ್ಕೇ ಪಾಶ್ಚಾತ್ಯ ದೇಶಗಳಲ್ಲಿ ಬಿಎಂಐ 30ಕ್ಕೆ ಬೊಜ್ಜು ಎಂದರೆ ಭಾರತೀಯರಿಗೆ 25ಕ್ಕೇ ಗೆರೆ ಎಳೆದಿದ್ದಾರೆ. ಸೊಂಟದ ಸುತ್ತಳತೆಗೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಐಸಿಎಂಆರ್ 2023ರಲ್ಲಿ ಪ್ರಕಟಿಸಿದ ದೇಶವ್ಯಾಪಿ ಸಮೀಕ್ಷೆಯಲ್ಲಿ ಬಿಎಂಐ ಪ್ರಕಾರ ಬೊಜ್ಜಿದ್ದವರು ಶೇ 28.6 ಆದರೆ, ಹೊಟ್ಟೆ ಬೊಜ್ಜಿದ್ದವರು ಶೇ 39.5. ಕೈಕಾಲು ಕಡ್ಡಿ, ಹೊಟ್ಟೆ ಗುಡಾಣ ಎಂಬ ನಮ್ಮ ಪರಿಚಿತ ಆಕಾರಕ್ಕೆ ಸಿಕ್ಕ ಸರ್ಕಾರಿ ಅಂಕಿ ಇದು. ಮೊದಲೇ ಮಾಂಸಖಂಡದಲ್ಲಿ ಬಡವರಾದ ನಾವು ಪಥ್ಯ ಮಾಡಿ ಇದ್ದಬದ್ದದ್ದನ್ನೂ ಕಳೆದುಕೊಳ್ಳುವುದು ಬುದ್ಧಿವಂತಿಕೆಯಲ್ಲ.

ಕಬ್ಬಿಣ ಎತ್ತುವುದು ಪರದೇಶದ ಹೊಸ ಷೋಕಿ ಎಂದುಕೊಂಡವರು ಹಳೇ ದಾವಣಗೆರೆಯ ಗರಡಿ ಮನೆಗಳನ್ನು ಮರೆತಿದ್ದಾರೆ. ಕೆಮ್ಮಣ್ಣಿನ ಅಂಕಣ, ಗೋಡೆಯಲ್ಲಿ ಹನುಮಪ್ಪ, ಮೂಲೆಯಲ್ಲಿ ಗದೆ, ಲೋಡು, ಕಲ್ಲುಗುಂಡು. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆಯ ಬಯಲು ಕುಸ್ತಿಗೆ ಇಂದಿಗೂ ಊರು ಸೇರುತ್ತದೆ. ಗರಡಿಯ ಸಾಮಿನಲ್ಲಿ ಕಾರ್ಡಿಯೋ ಬೇರೆ, ಭಾರ ಬೇರೆ ಎಂದು ಭಾಗ ಮಾಡಿರಲಿಲ್ಲ. ನೂರಾರು ಬಸ್ಕಿ, ನೂರಾರು ದಂಡ ಹೊಡೆಯುವವನ ಎದೆಯೂ ಏದುಸಿರು ಬಿಡುತ್ತದೆ, ತೊಡೆಯೂ ನಡುಗುತ್ತದೆ. ಮಣ್ಣು ಅಗೆದು ಹದ ಮಾಡುವುದೇ ಒಂದು ವ್ಯಾಯಾಮ. ಪೈಲ್ವಾನರು ಸಾಮು ಬಿಟ್ಟ ಮೇಲೆ ಊದಿಕೊಳ್ಳುತ್ತಿದ್ದದ್ದೂ ನಿಜ. ಆದರೆ ಅವರು ಬಿಟ್ಟದ್ದು ಸಾಮು ಮಾತ್ರ. ಹಾಲು, ಬಾದಾಮಿ, ತುಪ್ಪ ಬಿಟ್ಟಿರಲಿಲ್ಲ. ಮಾಂಸಖಂಡ ಬೊಜ್ಜಾಗಿ ಮಾರ್ಪಡುವುದು ಎಲ್ಲೂ ಇಲ್ಲ. ಕೆರೆ ಏರಿಯ ಯಜಮಾನರ ಮಾತಿನ ಮೂಲ ಈ ಹಳೇ ಪೈಲ್ವಾನರ ಹೊಟ್ಟೆ.

ವ್ಯಾಯಾಮ ಇಬ್ಭಾಗವಾದದ್ದು ಆಮೇಲೆ. 1968ರಲ್ಲಿ ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ ‘ಏರೋಬಿಕ್ಸ್’ ಪುಸ್ತಕ ಬರೆದ ನಂತರ ಆರೋಗ್ಯಕ್ಕೆ ಓಟ, ಮೈಕಟ್ಟಿಗೆ ಕಬ್ಬಿಣ ಎಂಬ ವಿಭಜನೆ ಜಗತ್ತಿಗೆಲ್ಲ ಹಬ್ಬಿತು. ಅದಕ್ಕೂ ಸುಮಾರು ನಾಲ್ಕು ದಶಕ ಮೊದಲು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ನಡೆಸುತ್ತಿದ್ದ ಕೆ.ವಿ. ಅಯ್ಯರ್, ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಅದೇ ಅಯ್ಯರ್, ಬಾರ್ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ, ಯೋಗಾಸನ ಸೇರಿಸಿ ಕಲಿಸುತ್ತಿದ್ದರು. ನಾಲ್ವಡಿ ಕೃಷ್ಣರಾಜ ಒಡೆಯರೂ ಅವರಿಂದ ವ್ಯಾಯಾಮ ಹೇಳಿಸಿಕೊಂಡವರು. ಕನ್ನಡದ ಓದುಗರು ಅಯ್ಯರ್ ಕಾದಂಬರಿಗಳನ್ನು ನೆನಪಿಟ್ಟುಕೊಂಡು ಅವರ ಡಂಬೆಲ್ಲನ್ನು ಮರೆತರು.

ಎರಡೂ ದುಡಿಮೆಯಲ್ಲೇ ಬೆರೆತಿದ್ದ ಕಾಲವೂ ಇತ್ತು; ಹರಿಹರದ ಕಡೆ ಬನ್ನಿ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳು ಇರುತ್ತಿದ್ದ ಕಾಲವನ್ನು ಅರವತ್ತು ದಾಟಿದವರು ಈಗಲೂ ನೆನೆಯುತ್ತಾರೆ. ಸೈಕಲ್ ತುಳಿದು ಹೋಗಿ, ಎಂಟು ಗಂಟೆ ಲೇತಿನ ಮುಂದೆ ನಿಂತು, ಎರಕದ ತುಂಡು ಎತ್ತಿಟ್ಟು, ಮತ್ತೆ ಸೈಕಲ್ ತುಳಿದು ಮನೆಗೆ. ಅವರಿಗೆ ಕಾರ್ಡಿಯೋ, ವೇಟ್ಸ್ ಎರಡನ್ನೂ ಕಂಪನಿಯೇ ಮಾಡಿಸಿ ಸಂಬಳ ಕೊಡುತ್ತಿತ್ತು. ಈ ಶತಮಾನದ ಆರಂಭದಲ್ಲಿ ಕಾರ್ಖಾನೆ ಬಾಗಿಲು ಹಾಕಿತು, ಸೈಕಲ್ಲುಗಳು ಬೈಕುಗಳಾದವು. ಪಕ್ಕದ ಗುತ್ತೂರಿನಂಥ ಊರಲ್ಲೂ ಕಥೆ ಅದೇ. ಭದ್ರಾ ನೀರಿನ ಭತ್ತದ ಸೀಮೆ ಇದು. ಬಗ್ಗಿ ನಾಟಿ ಹಾಕಿ, ಕುಯ್ದು, ಹೊರೆ ಕಟ್ಟಿ, ತಲೆಮೇಲೆ ಹೊತ್ತು ಕಣಕ್ಕೆ ತರುತ್ತಿದ್ದ ಕೆಲಸದ ಬಹುಪಾಲನ್ನು ಈಗ ಕಟಾವು ಯಂತ್ರ ಗಂಟೆಗಳಲ್ಲಿ ಮುಗಿಸುತ್ತದೆ. ಅನ್ನದ ತಟ್ಟೆ ಮಾತ್ರ ಹೊರೆ ಹೊರುತ್ತಿದ್ದ ಕಾಲದಷ್ಟೇ ದೊಡ್ಡದು. ಹಳ್ಳಿಯವರಿಗೆ ಬೊಜ್ಜು ಬರುವುದಿಲ್ಲ ಎಂಬ ಮಾತನ್ನು ಇನ್ನಾದರೂ ಬಿಡಬೇಕು.

ಕಾರ್ಡಿಯೋ, ಭಾರ ಎರಡೂ ಒಟ್ಟಿಗೆ ಉಳಿದಿರುವುದು ಎಪಿಎಂಸಿ ಯಾರ್ಡಿನ ಹಮಾಲರಲ್ಲಿ. ಐವತ್ತು, ಅರವತ್ತು ಕೆಜಿ ಚೀಲ ಬೆನ್ನಿಗೇರಿಸಿ, ಕೊಂಡಿ ಸಿಕ್ಕಿಸಿ, ಹಲಗೆಯ ಮೇಲೆ ಓಡುನಡಿಗೆಯಲ್ಲಿ ಲಾರಿ ಹತ್ತುವವರ ಹೊಟ್ಟೆ ನೋಡಿ, ಬೊಜ್ಜಿನ ಸುಳಿವಿಲ್ಲ. ಅದನ್ನು ಆದರ್ಶ ಎನ್ನಲು ನಾನು ಸಿದ್ಧನಿಲ್ಲ. ಐವತ್ತಕ್ಕೇ ಮೊಣಕಾಲು, ಸೊಂಟ ಹಿಡಿದುಕೊಂಡು ಕೂರುವವರೂ ಅವರೇ. ಹೊಟ್ಟೆಪಾಡಿನ ಭಾರಕ್ಕೆ ವಿಶ್ರಾಂತಿಯ ದಿನ ಇರುವುದಿಲ್ಲ, ಇವತ್ತು ಐದು ಕೆಜಿ ಕಡಿಮೆ ಮಾಡೋಣ ಎಂಬ ಆಯ್ಕೆಯೂ ಇರುವುದಿಲ್ಲ. ವ್ಯಾಯಾಮದ ಭಾರಕ್ಕೆ ಎರಡೂ ಇವೆ.

ಹೆಂಗಸರ ವಿಷಯ ಪ್ರತ್ಯೇಕವಾಗಿ ಹೇಳಬೇಕು. ವಾಕಿಂಗ್ ಪಥದಲ್ಲಿ ಹೆಂಗಸರು ತುಂಬಿದ್ದಾರೆ. ಜಿಮ್ಮಿನ ಭಾರದ ಕೋಣೆಯಲ್ಲಿ ವಿರಳ. ‘ಗಂಡಸರ ಹಾಗೆ ತೋಳು ಬಂದ್ರೆ ಏನ್ರೀ ಮಾಡೋದು’ ಎಂಬ ಹೆದರಿಕೆ ಒಂದು. ಹೆಂಗಸರ ರಕ್ತದಲ್ಲಿ ಟೆಸ್ಟೊಸ್ಟೆರಾನ್ ಗಂಡಸರ ಹತ್ತರಲ್ಲಿ ಒಂದು ಪಾಲೂ ಇರುವುದಿಲ್ಲ; ಹಾಗಾಗಿ ಆ ತೋಳು ಬಯಸಿದರೂ ಬರುವುದು ಕಷ್ಟ. ಮುಟ್ಟು ನಿಂತ ಮೇಲೆ ಮೂಳೆ ವೇಗವಾಗಿ ಸವೆಯುತ್ತದೆ, ಕೊಬ್ಬು ತೊಡೆಯಿಂದ ಹೊಟ್ಟೆಯತ್ತ ಸರಿಯುತ್ತದೆ. ಭಾರ ಎತ್ತುವುದರ ಅಗತ್ಯ ಹೆಚ್ಚಿರುವುದೇ ಅವರಿಗೆ. ಗುತ್ತೂರಿನ ಗೃಹಿಣಿಗೆ ಜಿಮ್ ಬೇಕಾಗಿಲ್ಲ. ಗಟ್ಟಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು. ಹಿಡಿಕೆಯಿರುವ ಕೈಚೀಲದಲ್ಲಿ ಐದು ಕೆಜಿ ಅಕ್ಕಿ ತುಂಬಿ, ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ ನೆಲದಿಂದ ಎತ್ತುವುದು, ಎರಡೂ ಕೈಯಲ್ಲಿ ಹಿಡಿದು ಅಂಗಳದಲ್ಲಿ ಓಡಾಡುವುದು. ವಾರಕ್ಕೆ ಎರಡು ದಿನ, ಅರ್ಧ ಗಂಟೆ. ಕೊನೆಯ ಎರಡು ಸಲ ಎತ್ತುವಾಗ ‘ಉಸ್ಸಪ್ಪಾ’ ಅನ್ನಿಸಬೇಕು. ಹನ್ನೆರಡು ಸಲ ಸಲೀಸಾಯಿತೆಂದರೆ ಇನ್ನೊಂದು ಕೆಜಿ ಅಕ್ಕಿ ಸುರಿಯಬೇಕು. ಈ ಏರಿಕೆ ಇಲ್ಲದಿದ್ದರೆ ಅದು ಕೈಕಾಲು ಆಡಿಸಿದ ಹಾಗೆ ಅಷ್ಟೇ.

ಜೊತೆಗೆ ತಟ್ಟೆಯಲ್ಲಿ ಪ್ರೋಟೀನ್ ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿದ ಪ್ರಮಾಣ ಒಂದು ಕೆಜಿ ಮೈತೂಕಕ್ಕೆ ದಿನಕ್ಕೆ 0.83 ಗ್ರಾಂ, ಎಪ್ಪತ್ತು ಕೆಜಿಯವರಿಗೆ 58 ಗ್ರಾಂ. ಪಥ್ಯದ ಜೊತೆ ಭಾರ ಎತ್ತುವವರಿಗೆ ಇನ್ನೂ ಹೆಚ್ಚು ಬೇಕು. ಕಿಡ್ನಿ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಹೆಚ್ಚಿಸಬೇಕು. ಜೋಳದ ರೊಟ್ಟಿಯ ಜೊತೆ ಕಾಳಿನ ಪಲ್ಯ, ಹುರುಳಿ, ಮೊಸರು, ತಿನ್ನುವವರಿಗೆ ಮೊಟ್ಟೆ, ಮೀನು ಸಾಕು. ಜಿಮ್ಮಿನ ಕೌಂಟರಿನಲ್ಲಿ ಸಿಗುವ ಡಬ್ಬಿಗಳಿಗೆ ಆತುರಪಡಬೇಡಿ. ಮಾಂಸಖಂಡ ಉಬ್ಬಿಸುವ ಇಂಜೆಕ್ಷನ್ ಬಗ್ಗೆ ಯಾರಾದರೂ ಮೆಲ್ಲಗೆ ಮಾತೆತ್ತಿದರೆ ಆ ಜಿಮ್ ಬಿಡಿ.

ಬಿಪಿ ಇರುವವರು ಎತ್ತುವಾಗ ಉಸಿರು ಬಿಗಿಹಿಡಿಯಬಾರದು, ಎತ್ತುತ್ತಾ ಉಸಿರು ಬಿಡಬೇಕು. ಹೃದಯದ ತೊಂದರೆ, ಹರ್ನಿಯಾ, ಸಕ್ಕರೆಯಿಂದ ಕಣ್ಣಿನ ರೆಟಿನಾಕ್ಕೆ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಶುರುಮಾಡಬಾರದು. ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು: 262 ಮಂದಿಯ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೂರು ತಿಂಗಳ ಸರಾಸರಿ ಸಕ್ಕರೆ ಗಮನಾರ್ಹವಾಗಿ ಇಳಿದದ್ದು ನಡಿಗೆ, ಭಾರ ಎರಡನ್ನೂ ಮಾಡಿದವರಲ್ಲಿ ಮಾತ್ರ.

ತಕ್ಕಡಿಯನ್ನು ಅಷ್ಟಾಗಿ ನಂಬಬೇಡಿ. ತಿಂಗಳಿಗೊಮ್ಮೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಉಸಿರು ಸಹಜವಾಗಿ ಬಿಟ್ಟು ಹೊಟ್ಟೆ ಒಳಗೆಳೆಯದೆ, ದರ್ಜಿಯ ಟೇಪಿನಿಂದ ಸೊಂಟ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಅಮೆರಿಕದ 10,500 ಗಂಡಸರನ್ನು ಹನ್ನೆರಡು ವರ್ಷ ಗಮನಿಸಿ 2015ರಲ್ಲಿ ವರದಿ ಮಾಡಿದ ಅಧ್ಯಯನದಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷ ಭಾರ ಎತ್ತುವುದನ್ನು ಹೆಚ್ಚಿಸಿಕೊಂಡವರ ಸೊಂಟ ವಯಸ್ಸಾದಂತೆ ಹಿಗ್ಗಿದ್ದು ಅಷ್ಟೇ ಹೊತ್ತು ಕಾರ್ಡಿಯೋ ಹೆಚ್ಚಿಸಿದವರಿಗಿಂತ ಕಡಿಮೆ. ತಕ್ಕಡಿ ಹೇಳದ ಸಂಗತಿಯನ್ನು ಟೇಪು ಹೇಳುತ್ತದೆ.

ಕೊನೆಗೆ ದಾವಣಗೆರೆ ಮಹಾನಗರ ಪಾಲಿಕೆಗೂ ಹರಿಹರ ನಗರಸಭೆಗೂ ಒಂದು ವಿನಂತಿ. ಪಾರ್ಕುಗಳಲ್ಲಿ ನಿಲ್ಲಿಸುವ ಓಪನ್ ಜಿಮ್ಮಿನ ಸಲಕರಣೆಗಳು ಮಕ್ಕಳ ಜೋಕಾಲಿಯಾಗಿ, ಆಮೇಲೆ ತುಕ್ಕಾಗಿ ಮುಗಿಯುತ್ತವೆ. ಅವುಗಳಲ್ಲಿ ಭಾರ ಹೆಚ್ಚಿಸುವ ಸೌಕರ್ಯವೂ ಇರುವುದಿಲ್ಲ. ವಾಕಿಂಗ್ ಪಥದ ಪಕ್ಕದಲ್ಲಿ ಒಂದು ಅಂಕಣ ಮಣ್ಣು ಹಾಕಿಸಿ, ಐದು, ಹತ್ತು, ಹದಿನೈದು, ಇಪ್ಪತ್ತು ಕೆಜಿಯ ನುಣುಪಾದ ಗುಂಡುಕಲ್ಲುಗಳನ್ನು ತೂಕ ಕೆತ್ತಿಸಿ ಇಡಿಸಿ. ವಾರಕ್ಕೆರಡು ಬೆಳಿಗ್ಗೆ ಬೆನ್ನು ಬಗ್ಗಿಸದೆ ಎತ್ತುವುದು ಹೇಗೆಂದು ತೋರಿಸಲು ಗರಡಿಯ ಒಬ್ಬ ಹಿರಿಯ ಪೈಲ್ವಾನರಿಗೆ ಗೌರವಧನ ಕೊಡಿ. ಮೂರು ರೌಂಡ್ ನಡೆದು ಬಂದವರು ಹತ್ತು ನಿಮಿಷ ಅಲ್ಲಿ ನಿಲ್ಲಲಿ. ಕಲ್ಲಿಗೆ ಟೆಂಡರ್ ಖರ್ಚು ಕಡಿಮೆ, ತುಕ್ಕು ಹಿಡಿಯುವುದಿಲ್ಲ.